ಅಪ್‌ಡೇಟ್: ಮಿಕ್ಸರ್ ಟ್ಯಾಬ್‌ಗೆ ಸಿಕ್ಕಿತು, ಗುಂಯ್ ಸದ್ದೂ ಹೋಯಿತು

ನಮ್ಮ ನಾಟಕ ತಂಡದ ಡಿಜಿಟಲ್ ಮಿಕ್ಸರ್ (ಮೈಕ್‌ಗಳ ಧ್ವನಿ ಹೊಂದಿಸುವ ಯಂತ್ರ) ಅದನ್ನು ನಿಯಂತ್ರಿಸುವ ಟ್ಯಾಬ್‌ನಲ್ಲಿ ಕಾಣಿಸುತ್ತಿಲ್ಲ, ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಸದ್ದು ಬೇರೆ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆ. ಎರಡೂ ಸರಿಹೋದವು.

ಮೊದಲನೆಯದು ನನ್ನದೇ ತಪ್ಪು. ರೂಟರ್ ಕೇಬಲನ್ನು ಮಿಕ್ಸರ್‌ನ ಈಥರ್ನೆಟ್ ಪೋರ್ಟಿನ ಬದಲು ಎಇಎಸ್50 ಅನ್ನುವ ಆಡಿಯೋ ಪೋರ್ಟಿಗೆ ಹಾಕಿದ್ದೆ. ನೋಡಲು ಎರಡೂ ಒಂದೇ ತರಹ ಇರುತ್ತವೆ, ಅಲ್ವಾ? ಆದರೆ ಎಇಎಸ್50 ಇರುವುದು ಸ್ಟೇಜ್ ಬಾಕ್ಸ್‌ನಿಂದ (ವೇದಿಕೆಯ ಮೈಕ್‌ಗಳನ್ನು ಚುಚ್ಚುವ ಪೆಟ್ಟಿಗೆ) ಆಡಿಯೋ ತರುವುದಕ್ಕೆ. ನಡುವೆ ಮಾಮೂಲಿ ಸ್ವಿಚ್, ರೂಟರ್ ಹಾಕುವಂತಿಲ್ಲ. ಕಂಟ್ರೋಲ್‌ಗೆ ಬೇರೆಯೇ ಈಥರ್ನೆಟ್ ಪೋರ್ಟ್ ಇದೆ. ಕೇಬಲ್ ಅಲ್ಲಿಗೆ ಬದಲಿಸಿದೆ. ರೂಟರ್‌ನ ಐಪಿ (ನೆಟ್‌ವರ್ಕ್ ವಿಳಾಸ) 192.168.1.1 ಇತ್ತು, ಅದೇ ನೆಟ್‌ವರ್ಕಿಗೆ ಸೇರುವಂತೆ ಮಿಕ್ಸರ್‌ಗೆ 192.168.1.50 ಕೊಟ್ಟೆ, ಸಬ್‌ನೆಟ್ ಮಾಸ್ಕ್ 255.255.255.0. ತಕ್ಷಣ ಟ್ಯಾಬ್‌ನಲ್ಲಿ ಫೇಡರ್‌ಗಳು (ಸದ್ದು ಏರಿಸಿ ಇಳಿಸುವ ಸ್ಲೈಡರ್‌ಗಳು) ಓಡಾಡಿದವು. ಎಷ್ಟು ಖುಷಿಯಾಯಿತು ಗೊತ್ತಾ!

ಗುಂಯ್ ಸದ್ದಿಗೆ ಕಾರಣ ಅರ್ಥ್ ಲೂಪ್, ಅಂದರೆ ಒಂದಕ್ಕೊಂದು ಜೋಡಿಸಿದ ಎರಡು ಯಂತ್ರಗಳಿಗೆ ಬೇರೆ ಬೇರೆ ಕಡೆಯಿಂದ ಅರ್ಥ್ ಸಿಕ್ಕಿ ಆಗುವ ತೊಂದರೆ. ಮಿಕ್ಸರ್‌ಗೆ ಸಭಾಂಗಣದ ಹಿಂದಿನ ಸಾಕೆಟ್, ಸ್ಪೀಕರ್ ನಡೆಸುವ ಆಂಪ್‌ಗೆ (ಆಂಪ್ಲಿಫೈಯರ್) ಸ್ಟೇಜ್ ಪಕ್ಕದ್ದು. ಈಗ ಎರಡಕ್ಕೂ ಒಂದೇ ಬೋರ್ಡ್‌ನಿಂದ ಕರೆಂಟ್ ಎಳೆದಿದ್ದೇವೆ. ಅರ್ಥ್ ಪಿನ್ ತೆಗೆದರೆ ಸದ್ದು ಹೋಗುತ್ತದೆ ಎಂದು ಒಬ್ಬರು ಹೇಳಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಮೈಕ್ ಹಿಡಿದವರ ಜೀವಕ್ಕೇ ಅಪಾಯ.

ಆನ್ ಮಾಡುವಾಗ ಮಿಕ್ಸರ್ ಮೊದಲು, ಆಂಪ್ ಕೊನೆಗೆ. ಆಫ್ ಮಾಡುವಾಗ ಉಲ್ಟಾ. ಸಹಾಯ ಮಾಡಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.