ಊರಲ್ಲಿ ಟವರ್ ಸಿಗ್ತದಾ ಅಂತ ಫೋನ್ ತಗೊಳ್ಳೋ ಮುಂಚೆ ನೋಡೋದು ಹೇಗೆ? ಅನುಭವ ಇದ್ದವರು ಹೇಳಿ

ನಮ್ಮೂರು ಹೊಸದುರ್ಗ ತಾಲ್ಲೂಕು, ಮುಖ್ಯರಸ್ತೆಯಿಂದ ಆರು ಕಿಲೋಮೀಟರ್ ಒಳಗೆ. ಅಪ್ಪ, ಅಮ್ಮ ಇಬ್ಬರೇ ಇರ್ತಾರೆ, ನಾನು ಬೆಂಗಳೂರಲ್ಲಿ ಕೆಲಸ. ಅಪ್ಪನ ಕೀಪ್ಯಾಡ್ ಫೋನ್ ಕೆಟ್ಟಿದೆ. 15 ಸಾವಿರದೊಳಗೆ ಒಂದು ಸ್ಮಾರ್ಟ್‌ಫೋನ್ ಕೊಡಿಸಬೇಕು ಅಂತಿದ್ದೀನಿ. ಮನೆ ಹಳೇ ಮಣ್ಣಿನ ಮಾಳಿಗೆ ಮನೆ, ತೆಂಗಿನ ತೋಟ ಅಲ್ಲಿಂದ ಒಂದು ಕಿಲೋಮೀಟರ್. ಅದು ಸರಿ ಇದ್ದಾಗಲೂ ಫೋನ್ ಬಂದರೆ ಅಪ್ಪ ಅಂಗಳಕ್ಕೆ ಓಡಬೇಕಿತ್ತು. ಯುಗಾದಿಗೆ ಊರಿಗೆ ಹೋಗ್ತೀನಿ. ಯಾವ ಫೋನ್ ತಗೊಳ್ಳಲಿ, ಯಾವ ಸಿಮ್ ಹಾಕಿಸಲಿ?

ಜಗಳೂರು ಕಡೆಯಿಂದ

ಫೋನ್ ಯಾವುದು ಅನ್ನೋದನ್ನ ಕೊನೆಗಿಡಿ. ಮೊದಲು ಸಿಮ್ ಯಾವುದು ಅಂತ ಗೊತ್ತಾಗಲಿ. ನಾನು ಇದನ್ನ ಉಲ್ಟಾ ಮಾಡಿ ದುಡ್ಡು ಕಳಕೊಂಡಿದ್ದೀನಿ. ಎರಡು ವರ್ಷದ ಹಿಂದೆ ದಾವಣಗೆರೆ ಪೇಟೆಯಲ್ಲಿ ಒಂದು 5ಜಿ ಫೋನ್ ತಗೊಂಡೆ. ಅಂಗಡಿಯಲ್ಲಿ ಪೂರ್ತಿ ಕಡ್ಡಿ ತೋರಿಸ್ತಿತ್ತು. ‘ನಿಮ್ಮೂರಲ್ಲೂ ಇದೇ ತರ ಬರ್ತದೆ’ ಅಂತ ಅಂಗಡಿಯವರು ಹೇಳಿದ ಮಾತಿಗೆ ಅಲ್ಲೇ ಹೊಸ ಸಿಮ್ಮೂ ಹಾಕಿಸಿಕೊಂಡೆ. ಊರಿಗೆ ಬಂದು ಪಡಸಾಲೆಗೆ ಕಾಲಿಟ್ಟರೆ ‘ನೋ ಸರ್ವಿಸ್’. ವಾಪಸ್ ಒಯ್ದರೆ ಡಬ್ಬಿ ಒಡೆದಾಗಿದೆ, ತಗೊಳ್ಳಲ್ಲ ಅಂದರು. ಆ ಮಳೆಗಾಲದಲ್ಲಿ ಅವ್ವನಿಗೆ ರಾತ್ರಿ ಜ್ವರ ಏರಿತ್ತು. 108ಕ್ಕೆ ಫೋನ್ ಮಾಡೋಕೆ ಮಳೆಯಲ್ಲೇ ಮಾಳಿಗೆ ಹತ್ತಿದ್ದೆ. ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡಿ.

ಹೀಗೆ ಮಾಡಿ. ಊರಲ್ಲಿ ಯಾರ ಹತ್ರ ಯಾವ ಸಿಮ್ ಇದೆ ಅಂತ ಅಪ್ಪನಿಗೆ ಗೊತ್ತೇ ಇರ್ತದೆ. ಪಕ್ಕದ ಮನೆಯವರದ್ದೋ, ಡೈರಿಗೆ ಹಾಲು ಹಾಕೋರದ್ದೋ, ಒಂದೊಂದು ಕಂಪನಿ ಸಿಮ್ ಇರೋ ಫೋನನ್ನ ಅರ್ಧ ಗಂಟೆ ಕೇಳಿ ತಗೊಳ್ಳಿ. ಅದನ್ನ ಹಿಡಕೊಂಡು ಅಪ್ಪ ದಿನಾ ಓಡಾಡೋ ಜಾಗಕ್ಕೆಲ್ಲ ಹೋಗಿ: ಮಲಗೋ ಕೋಣೆ, ಅಡಿಗೆಮನೆ, ಕೊಟ್ಟಿಗೆ, ತೋಟದ ಮೋಟರ್ ಮನೆ. ಪ್ರತಿ ಕಡೆ ಎರಡು ನಿಮಿಷ ಮಾತಾಡಿ ನೋಡಿ. ಊರ ಮುಂದಿನ ಕಟ್ಟೆ ಮೇಲೆ ಎಷ್ಟು ಕಡ್ಡಿ ಬಂದರೇನು, ಅಪ್ಪ ಅಲ್ಲಿ ಮಲಗಲ್ಲವಲ್ಲ.

ಕಡ್ಡಿ ನಂಬಬೇಡಿ. ಒಂದು ಕಂಪನಿ ಫೋನ್ ಮೂರು ಕಡ್ಡಿ ತೋರಿಸೋ ಕಡೆ ಇನ್ನೊಂದು ಎರಡೇ ತೋರಿಸ್ತದೆ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್‌ಗೆ ಹೋದರೆ ಸಿಗ್ನಲ್ ಸ್ಟ್ರೆಂತ್ ಡಿಬಿಎಂ (ಸಿಗ್ನಲ್ ಬಲ ಅಳೆಯೋ ಮಾನ) ಲೆಕ್ಕದಲ್ಲಿ ಇರ್ತದೆ. ಮೈನಸ್ ಅಂಕಿ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು. 4ಜಿಯಲ್ಲಿ -90ರ ಸುತ್ತ ಇದ್ದರೆ ಚೆನ್ನಾಗಿದೆ, -105 ಆದರೆ ಹೇಗೋ ನಡೀತದೆ, -115 ದಾಟಿದರೆ ಮಾತು ತುಂಡು ತುಂಡು. ಹತ್ತು ಅಂಕಿ ಇಳಿದರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲಿಗೆ ಇಳೀತು ಅಂತ ಅರ್ಥ. ನಮ್ಮನೆ ಅಂಗಳದಲ್ಲಿ -98 ಇದ್ದಿದ್ದು ಪಡಸಾಲೆಯಲ್ಲಿ -117. ಎರಡು ಅಡಿ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪಾಗಿಡೋ ಮನೆ ಟವರನ್ನೂ ಒಳಗೆ ಬಿಡಲ್ಲ. ಬೆಳಕಿಂಡಿ ಕೆಳಗೆ ಮಾತ್ರ ಸ್ವಲ್ಪ ಸಿಗ್ತದೆ, ಅಲ್ಲೇ ಗೂಟಕ್ಕೆ ಚೀಲ ಕಟ್ಟಿ ಫೋನ್ ಇಡ್ತೀವಿ.

ಕಂಪನಿಗಳ ಮ್ಯಾಪ್ ಕೂಡ ನೋಡಿ. ಯಾವ ಜಾಗದಲ್ಲಿ 2ಜಿ, 4ಜಿ, 5ಜಿ ಇದೆ ಅಂತ ಪ್ರತಿ ಕಂಪನಿಯೂ ತನ್ನ ಜಾಲತಾಣದಲ್ಲಿ ನಕ್ಷೆ ಹಾಕಲೇಬೇಕು ಅಂತ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) 2024ರಲ್ಲಿ ನಿಯಮ ಮಾಡಿದೆ. ಬೆಂಗಳೂರಲ್ಲಿ ಕೂತೇ ನಿಮ್ಮೂರನ್ನ ಹುಡುಕಬಹುದು. ಬಣ್ಣವೇ ಇಲ್ಲದ ಕಂಪನಿಯನ್ನ ಅಲ್ಲೇ ಕೈಬಿಡಿ. ಬಣ್ಣ ಇದೆ ಅಂದ ಮಾತ್ರಕ್ಕೆ ಒಪ್ಪಬೇಡಿ, ಗೋಡೆ ಒಳಗಿನ ಮಾತು ಮ್ಯಾಪಿಗೆ ಗೊತ್ತಿಲ್ಲ.

ಹೊಳಲ್ಕೆರೆಯಿಂದ

ಮೇಲಿನ ಅಣ್ಣ ಹೇಳಿದ್ದೆಲ್ಲ ಸರಿ. ನಾನೊಂದು ಮಾತು ಸೇರಿಸ್ತೀನಿ. ಒಂದೇ ಹೊತ್ತಲ್ಲಿ ನೋಡಿ ತೀರ್ಮಾನ ಮಾಡಬೇಡಿ. ನಮ್ಮದು ಅಡಿಕೆ ತೋಟದ ನಡುವಿನ ಮನೆ. ಮಧ್ಯಾಹ್ನ ಹನ್ನೆರಡಕ್ಕೆ ವಿಡಿಯೊ ಕಾಲ್ ಸಲೀಸು. ಸಂಜೆ ಏಳರಿಂದ ಹತ್ತರವರೆಗೆ ಊರಿಗೆ ಊರೇ ಮೊಬೈಲ್ ನೋಡ್ತಿರ್ತದೆ, ಆಗ ಕಡ್ಡಿ ಅಷ್ಟೇ ಇದ್ದರೂ ಒಂದು ಫೋಟೊ ಹೋಗಲ್ಲ. ಮಳೆ ಬಂದು ಸೋಗೆ ಒದ್ದೆಯಾಗಿದ್ದಾಗ ಇನ್ನೂ ಕಡಿಮೆ.

ಕರೆಂಟ್ ಹೋದಾಗಲೂ ನೋಡಿ, ಮರೀಬೇಡಿ. ಕೆಲವು ಟವರ್ ಬ್ಯಾಟರಿ ಅರ್ಧ ಗಂಟೆಗೇ ಕೈ ಕೊಡ್ತದೆ, ಕೆಲವು ಕಡೆ ಜನರೇಟರ್ ಇರ್ತದೆ. ಗಾಳಿ ಮಳೆಗೆ ಕಂಬ ಬಿದ್ದ ದಿನವೇ ಫೋನ್ ಬೇಕಾಗೋದು. ನಮ್ಮಲ್ಲಿ ಹತ್ತಿರದ ಟವರ್ ಸಿಮ್ ಬಿಟ್ಟು, ಕರೆಂಟ್ ಹೋದರೂ ನಿಲ್ಲೋ ದೂರದ ಟವರಿನ ಸಿಮ್ ಇಟ್ಟಿದ್ದೀವಿ. ಸ್ಪೀಡ್ ಕಡಿಮೆ, ಆದರೆ ಧೈರ್ಯ ಇದೆ.

ಚಳ್ಳಕೆರೆಯಿಂದ, ಮೊಬೈಲ್ ರಿಪೇರಿ ಮಾಡೋನು

ಸಿಮ್ ಯಾವುದು ಅಂತ ಗೊತ್ತಾದ ಮೇಲೆ ಫೋನ್ ವಿಚಾರ. ಡಬ್ಬಿ ಮೇಲೆ ಬರೆದಿರೋ ಕ್ಯಾಮೆರಾ ಬಿಟ್ಟು ಬ್ಯಾಂಡ್, ಅಂದರೆ ಫೋನ್ ಯಾವ ಯಾವ ಫ್ರೀಕ್ವೆನ್ಸಿ ಹಿಡೀತದೆ ಅನ್ನೋದನ್ನ ನೋಡಿ. ಡಬ್ಬಿಯಲ್ಲಿ ಇಲ್ಲದಿದ್ದರೆ ಫೋನ್ ಕಂಪನಿ ಜಾಲತಾಣದಲ್ಲಿ ಆ ಮಾಡೆಲ್ ಹೆಸರಿನ ಕೆಳಗೆ ಇರ್ತದೆ. ಕಡಿಮೆ ಫ್ರೀಕ್ವೆನ್ಸಿಯ ಸಿಗ್ನಲ್ ದೂರ ಬರ್ತದೆ, ಗೋಡೆಯನ್ನೂ ಸ್ವಲ್ಪ ದಾಟ್ತದೆ. ಹಳ್ಳಿಗೆ ಬೇಕಾದ್ದು ಅದೇ. ಜಿಯೋ 4ಜಿಗೆ 850 ಮೆಗಾಹರ್ಟ್ಸ್ ಅಂದರೆ ಬ್ಯಾಂಡ್ 5, ಏರ್‌ಟೆಲ್ ಮತ್ತು ವಿಗೆ (ವೊಡಾಫೋನ್ ಐಡಿಯಾ) 900 ಅಂದರೆ ಬ್ಯಾಂಡ್ 8. ಬಿಎಸ್‌ಎನ್‌ಎಲ್‌ನ ಹೊಸ 4ಜಿಗೆ 700 ಅಂದರೆ ಬ್ಯಾಂಡ್ 28. ಈ 28 ಹಳೇ ಮಾಡೆಲ್‌ಗಳಲ್ಲಿ ಎಷ್ಟೋ ಸಲ ಇರಲ್ಲ. ಬಿಎಸ್‌ಎನ್‌ಎಲ್ ಟವರ್ ಪಕ್ಕದಲ್ಲೇ ಇದ್ದೂ 4ಜಿ ಬರಲ್ಲ ಅಂತ ನನ್ನ ಹತ್ರ ಬರೋರಲ್ಲಿ ಕೆಲವರದ್ದು ಇದೇ ಕಥೆ, ಇನ್ನು ಕೆಲವರದ್ದು ಹಳೇ 3ಜಿ ಸಿಮ್ ಬದಲಾಯಿಸಿಲ್ಲ ಅಷ್ಟೇ.

ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ, 2016ರಲ್ಲಿ ಶುರುವಾದಾಗಲೇ 4ಜಿ. ಹಾಗಾಗಿ ಮಾತಾಡೋಕೂ ವೋಲ್ಟಿ (4ಜಿ ಮೇಲೆಯೇ ಕಾಲ್ ಮಾಡೋ ಸೌಲಭ್ಯ) ಇರೋ ಫೋನೇ ಬೇಕು. ಏರ್‌ಟೆಲ್‌ನಲ್ಲಿ 4ಜಿ ಸೋತ ಕಡೆ ಮಾತು 2ಜಿಗೆ ಇಳಿದು ನಡೀತದೆ, ಹಿರಿಯರಿಗೆ ಇದು ದೊಡ್ಡ ಅನುಕೂಲ.

5ಜಿಗೋಸ್ಕರ ಜಾಸ್ತಿ ದುಡ್ಡು ಬೇಡ. 5ಜಿಯಲ್ಲಿ ಹೆಚ್ಚು ಬಳಸೋ 3300ರ ತರಂಗ ಹೆಚ್ಚು ದೂರ ಬರಲ್ಲ. ತಗೊಳ್ಳಲೇಬೇಕು ಅಂದರೆ ಎಸ್‌ಎ (ಬರೀ 5ಜಿ ಜಾಲದ ಮೇಲೆ ನಡೆಯೋದು), ಎನ್‌ಎಸ್‌ಎ (4ಜಿ ಆಸರೆಯಲ್ಲಿ ನಡೆಯೋ 5ಜಿ) ಎರಡೂ ಇದೆಯಾ ಕೇಳಿ. ಕೆಲವು ಅಗ್ಗದ ಫೋನ್‌ಗಳು ಎಸ್‌ಎ ಮಾತ್ರ ಹಿಡೀತವೆ. ಅದಕ್ಕಿಂತ ವೈಫೈ ಕಾಲಿಂಗ್ ಇದೆಯಾ ಅಂತ ನೋಡೋದು ಮೇಲು. ಊರಿಗೆ ಫೈಬರ್ ಬಂದಿದ್ದರೆ ಮಾಳಿಗೆ ಮನೆಗೆ ಅದೇ ಸರಿಯಾದ ದಾರಿ, ಟವರ್ ಇಲ್ಲದಿದ್ದರೂ ಅದೇ ನಂಬರಿಗೆ ಕಾಲ್ ಬರ್ತದೆ.

ಹಳೇ ಫೋನ್ ತಗೊಳ್ಳೋದಾದರೆ *#06# ಒತ್ತಿ ಐಎಂಇಐ ನಂಬರ್ (ಪ್ರತಿ ಫೋನಿಗೂ ಇರೋ ಗುರುತಿನ ಸಂಖ್ಯೆ) ತೆಗೀರಿ. ಕೆವೈಎಂ ಅಂತ ಇಂಗ್ಲಿಷಲ್ಲಿ ಬರೆದು, ಜಾಗ ಬಿಟ್ಟು ಆ 15 ಅಂಕಿ ಹಾಕಿ 14422ಕ್ಕೆ ಮೆಸೇಜ್ ಮಾಡಿ. ಕಳವಿನದ್ದು ಅಂತ ತಡೆ ಹಾಕಿದ ಫೋನ್ ಆದರೆ ಗೊತ್ತಾಗ್ತದೆ.

ಮೊಳಕಾಲ್ಮೂರಿನಿಂದ

ಗಡಿಯಲ್ಲಿರೋರಿಗೆ ಮಾತ್ರ. ನಮ್ಮಲ್ಲಿ ಫೋನ್ ಆಗಾಗ ಆಂಧ್ರದ ಟವರ್ ಹಿಡೀತದೆ. ಮಾತು ಬರ್ತದೆ, ಇಂಟರ್‌ನೆಟ್ ನಿಲ್ತದೆ. ಡೇಟಾ ರೋಮಿಂಗ್ ಆನ್ ಮಾಡಿಟ್ಟರೆ ಸರಿಹೋಗ್ತದೆ.

ಕೇಳಿದವರು ಮತ್ತೆ

ಯುಗಾದಿ ಮುಗಿಸಿ ನಿನ್ನೆ ಬಂದೆ. ಎಲ್ಲರಿಗೂ ಮನಸಾರೆ ಧನ್ಯವಾದ. ನೀವು ಹೇಳಿದ ಹಾಗೇ ಮೂರು ಮನೆಯ ಫೋನ್ ಕೇಳಿ ತಗೊಂಡು, ಅಪ್ಪನ ಜೊತೆ ಮನೆ, ಕೊಟ್ಟಿಗೆ, ತೋಟ ಎಲ್ಲಾ ಸುತ್ತಿ ಚೀಟಿಯಲ್ಲಿ ಬರಕೊಂಡೆ. ಅಪ್ಪನ ಹಳೇ ಸಿಮ್ ಕಂಪನಿಯದ್ದು ಪಡಸಾಲೆಯಲ್ಲಿ -118, ಚಿಕ್ಕಪ್ಪನ ಸಿಮ್ -103. ತೋಟದ ಮೋಟರ್ ಮನೆಯಲ್ಲಿ ಪೂರಾ ತಿರುಗುಮುರುಗು, ಅಪ್ಪನದ್ದೇ ಚೆನ್ನಾಗಿತ್ತು. ಇದನ್ನ ನಾನು ಊಹಿಸಿಯೇ ಇರಲಿಲ್ಲ.

ಮೊದಲು ಅಪ್ಪನ ನಂಬರನ್ನೇ ಪೋರ್ಟ್ ಮಾಡಿಸೋಣ, ಅಂದರೆ ನಂಬರ್ ಅದೇ ಇಟ್ಟು ಚಿಕ್ಕಪ್ಪನ ಕಂಪನಿಗೆ ಬದಲಾಯಿಸೋಣ ಅಂತಿದ್ದೆ. 1900ಕ್ಕೆ ಮೆಸೇಜ್ ಕಳಿಸಿ ಕೋಡ್ ತರಿಸಿಕೊಂಡೆ. ಆಮೇಲೆ ಯೋಚನೆ ಬಂತು: ಒಂದು ಸಲ ಪೋರ್ಟ್ ಆದರೆ ಮತ್ತೆ 90 ದಿನ ಅಲ್ಲಾಡೋ ಹಾಗಿಲ್ಲ, ಬ್ಯಾಂಕಿಗೂ ಪಹಣಿ ಕೆಲಸಕ್ಕೂ ಇದೇ ನಂಬರ್ ಕೊಟ್ಟಿದೆ, ತೋಟದಲ್ಲಿ ಇದೇ ಸಿಗ್ತಿದೆ. ಬಿಟ್ಟೆ. ಎರಡು ಸಿಮ್ಮಿನ 4ಜಿ ಫೋನ್ ಒಂದನ್ನ ಹೊಸದುರ್ಗದಲ್ಲೇ ತಗೊಂಡು, ಹಳೇದರ ಜೊತೆ ಚಿಕ್ಕಪ್ಪನ ಕಂಪನಿಯ ಹೊಸ ಸಿಮ್ ಹಾಕಿಸಿದೆ. ಬ್ಯಾಂಡ್ 5, 8, 28 ಮೂರೂ ಇವೆ. ಎಂಟೂವರೆ ಸಾವಿರದಲ್ಲಿ ಮುಗೀತು.

ಇವತ್ತು ಬೆಳಿಗ್ಗೆ ಅಪ್ಪ ಮೋಟರ್ ಮನೆಯಿಂದ ವಿಡಿಯೊ ಕಾಲ್ ಮಾಡಿ, ನುಸಿ ಹತ್ತಿದ ತೆಂಗಿನಕಾಯಿ ತೋರಿಸಿ ಔಷಧಿ ಕೇಳಿದರು. ಅಡಿಗೆಮನೆಯಲ್ಲಿ ಎರಡೂ ಸಿಗಲ್ಲ. ಅಮ್ಮ ಒಲೆ ಉರಿ ತಗ್ಗಿಸಿ ಪಡಸಾಲೆಗೆ ಬಂದು ಮಾತಾಡ್ತಾರೆ.