ಅಪ್ಪ ಅಮ್ಮನ ಜೊತೆ ಕೆರಿಬಿಯನ್ ಕ್ರೂಸ್: ಹಡಗಿನ ಜನರ ಬಗ್ಗೆ ನಿಮ್ಮ ಅನುಭವ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಅಪ್ಪ ಅಮ್ಮ ಅಮೆರಿಕದಲ್ಲಿರುವ ನಮ್ಮ ಹತ್ತಿರ ಬರುತ್ತಿದ್ದಾರೆ. ಮಯಾಮಿಯಿಂದ ಹೊರಡುವ 7 ರಾತ್ರಿಯ ಪಶ್ಚಿಮ ಕೆರಿಬಿಯನ್ ಕ್ರೂಸ್‌ಗೆ ಅವರನ್ನು ಕರೆದುಕೊಂಡು ಹೋಗಬೇಕು ಅಂತ ತುಂಬಾ ಆಸೆ. ಜಮೈಕಾ, ಗ್ರ್ಯಾಂಡ್ ಕೇಮನ್, ಕೊಜುಮೆಲ್ ನೋಡಿಕೊಂಡು ವಾಪಸ್ ಮಯಾಮಿ.

ಆದರೆ ಒಂದು ಭಯ. ಎರಡು ವರ್ಷದ ಹಿಂದೆ ನಾನು, ನನ್ನ ಗಂಡ 3 ರಾತ್ರಿಯ ಬಹಾಮಾಸ್ ಟ್ರಿಪ್ ಹೋಗಿದ್ದೆವು. ಸಮುದ್ರ ಚೆನ್ನಾಗಿತ್ತು, ಊಟ ಚೆನ್ನಾಗಿತ್ತು, ಜನರಿಂದಲೇ ಬೇಜಾರಾಯಿತು. ಪಕ್ಕದ ಕ್ಯಾಬಿನ್‌ನವರು ರಾತ್ರಿ 2ರವರೆಗೆ ಹಾಡು ಹಾಕಿಕೊಂಡು ಕೂಗಾಡುತ್ತಿದ್ದರು. ಬೆಳಗ್ಗೆ 7ಕ್ಕೆ ಪೂಲ್ ಹತ್ತಿರ ಹೋದರೆ ಎಲ್ಲ ಕುರ್ಚಿಗಳ ಮೇಲೂ ಟವೆಲ್, ಕೂತವರು ಯಾರೂ ಇಲ್ಲ. ಊಟಕ್ಕೆ ಗುರುತಿಲ್ಲದವರ ಜೊತೆ ಕೂರಿಸಿದರು, ಏನು ಮಾತಾಡಬೇಕೋ ತಿಳಿಯಲಿಲ್ಲ. ಅಪ್ಪನಿಗೆ 71 ವರ್ಷ, ಇಂಗ್ಲಿಷ್ ಕಮ್ಮಿ. ಅಮ್ಮನಿಗೆ ಮಂಡಿ ನೋವು. ಇಬ್ಬರೂ ಸಸ್ಯಾಹಾರಿಗಳು. ಅವರಿಗೆ ಹೀಗೆಲ್ಲ ಆಗಬಾರದು. ಹೋಗಿಬಂದವರು ದಯವಿಟ್ಟು ಹೇಳಿ.

ಆರು ಸಲ ಹೋಗಿಬಂದ ಒಬ್ಬರು

3 ರಾತ್ರಿಯ ಟ್ರಿಪ್ ನೋಡಿ 7 ರಾತ್ರಿಯದ್ದೂ ಹಾಗೇ ಅಂದುಕೊಳ್ಳಬೇಡಿ. ಶುಕ್ರವಾರ ಹತ್ತಿ ಸೋಮವಾರ ಇಳಿಯುವ ಹಡಗಿಗೆ ಕುಡಿದು ಕುಣಿಯಲೆಂದೇ ಬರುವ ಗೆಳೆಯರ ಗುಂಪು ಜಾಸ್ತಿ. 7 ರಾತ್ರಿಯದ್ದಕ್ಕೆ ಸಂಸಾರವಂದಿಗರು ಬರುತ್ತಾರೆ. 10 ದಿನ ದಾಟಿದ ಟ್ರಿಪ್‌ಗಳಲ್ಲಿ ನಿವೃತ್ತರೇ ಹೆಚ್ಚು, ರಾತ್ರಿ 10ಕ್ಕೆ ಕಾರಿಡಾರ್ ಸದ್ದಿಲ್ಲದೆ ಇರುತ್ತದೆ.

ಡಿಸೆಂಬರ್ ಅಂದಿರಿ, ಯಾವ ವಾರ ಅಂತ ಹೇಳಲಿಲ್ಲ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆ ಮುಗಿದ ಮೇಲೆ, ಕ್ರಿಸ್‌ಮಸ್ ರಜೆ ಶುರುವಾಗುವ ಮುಂಚೆ ಎರಡು ವಾರ ಸಿಗುತ್ತದೆ ನೋಡಿ, ಅದನ್ನು ಹಿಡಿಯಿರಿ. ಮಕ್ಕಳಿಗೆಲ್ಲ ಶಾಲೆ ಇರುತ್ತದೆ. ಚಂಡಮಾರುತದ ಕಾಲವೂ ನವೆಂಬರ್ 30ಕ್ಕೆ ಮುಗಿದಿರುತ್ತದೆ. ಟಿಕೆಟ್ ದರ ಕ್ರಿಸ್‌ಮಸ್ ವಾರಕ್ಕಿಂತ ಎಷ್ಟೋ ಕಮ್ಮಿ. ಮಾರ್ಚ್ ಕಡೆಗೆ ಮಾತ್ರ ಹೋಗಬೇಡಿ, ಅದು ಕಾಲೇಜು ಹುಡುಗರ ಸ್ಪ್ರಿಂಗ್ ಬ್ರೇಕ್ ಸಮಯ.

ಹಡಗು ದೊಡ್ಡದಿದ್ದಷ್ಟೂ ಒಳ್ಳೆಯದು ಅಂತ ಏನಿಲ್ಲ. 2024ರಲ್ಲಿ ಶುರುವಾದ ಐಕನ್ ಆಫ್ ದಿ ಸೀಸ್ ಪೂರ್ತಿ ತುಂಬಿದರೆ ಸುಮಾರು 7,600 ಪ್ರಯಾಣಿಕರು, 20 ಡೆಕ್‌ಗಳು, ಅಂದರೆ ಮಹಡಿಗಳು. ಮಕ್ಕಳಿದ್ದವರಿಗೆ ಅದು ಸ್ವರ್ಗ. ಮಂಡಿ ನೋವಿರುವ ಅಮ್ಮನಿಗೆ ಕ್ಯಾಬಿನ್‌ನಿಂದ ಊಟಕ್ಕೆ ಹೋಗಿಬರುವುದೇ ದೊಡ್ಡ ನಡಿಗೆ. 2,000ದಿಂದ 3,000 ಜನ ಹಿಡಿಸುವ ಹಡಗು ನೋಡಿ.

ಇನ್ನು ಕ್ಯಾಬಿನ್. ಪಕ್ಕದವರ ಕಾಟ ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ. ಬುಕ್ ಮಾಡುವ ಮುಂಚೆ ಡೆಕ್ ನಕ್ಷೆ ತೆರೆದು ನೋಡಿ. ನಿಮ್ಮ ಕ್ಯಾಬಿನ್ ಮೇಲೂ ಕೆಳಗೂ ಬೇರೆ ಕ್ಯಾಬಿನ್‌ಗಳೇ ಇರಬೇಕು. ಪೂಲ್ ಡೆಕ್ ಕೆಳಗೆ ತೆಗೆದುಕೊಂಡರೆ ಬೆಳಗಿನ ಜಾವ ತಲೆ ಮೇಲೆ ಕುರ್ಚಿ ಎಳೆಯುವ ಸದ್ದು. ಡಿಸ್ಕೋ ಮೇಲೆ ತೆಗೆದುಕೊಂಡರೆ ಮಂಚವೇ ಅದುರುತ್ತದೆ. ಅಗ್ಗ ಅಂತ ‘ಗ್ಯಾರಂಟಿ’ ಟಿಕೆಟ್ ತಗೋಬೇಡಿ, ಅದರಲ್ಲಿ ಕ್ಯಾಬಿನ್ ಆರಿಸುವುದು ಕಂಪನಿ, ನೀವಲ್ಲ.

ಕೆಲವು ಕ್ಯಾಬಿನ್‌ಗಳ ನಡುವೆ ಒಂದು ಬಾಗಿಲು ಇರುತ್ತದೆ. ಬೀಗ ಹಾಕಿದ್ದರೂ ಆಚೆಯವರ ಕೆಮ್ಮು ಕೂಡ ಕೇಳಿಸುತ್ತದೆ. ನಿಮಗೆ ಆ ರಾತ್ರಿ ಆಗಿದ್ದು ಬಹುಶಃ ಇದೇ. ಆದರೆ ಈ ಸಲ ನೀವು ಅದೇ ಜೋಡಿ ಕ್ಯಾಬಿನ್ ಕೇಳಿ ತಗೊಳ್ಳಿ. ಒಂದು ನಿಮಗೆ, ಒಂದು ಅಪ್ಪ ಅಮ್ಮನಿಗೆ. ನಡುವಿನ ಬಾಗಿಲು ತೆಗೆಸಿಬಿಟ್ಟರೆ ಪಕ್ಕದಲ್ಲಿರುವುದು ನಿಮ್ಮವರೇ. ಹಡಗಿನ ಮಧ್ಯ ಭಾಗ, ಕೆಳಗಿನ ಡೆಕ್, ಲಿಫ್ಟ್‌ಗೆ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಹಡಗಿನ ತೂಗಾಟವೂ ಕಮ್ಮಿ.

ಇಷ್ಟಾದರೂ ಗಲಾಟೆಯವರು ಸಿಕ್ಕರೆ? ನಮಗೆ ಎರಡನೇ ಟ್ರಿಪ್‌ನಲ್ಲಿ ಸಿಕ್ಕಿದ್ದರು. ರಾತ್ರಿ 1 ಗಂಟೆ. ನಾನೇ ಎದ್ದು ಹೋಗಿ ಬಾಗಿಲು ತಟ್ಟಿದೆ. ತೆರೆದವನು ಕೈಯಲ್ಲಿ ಗ್ಲಾಸ್ ಹಿಡಿದಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿ ಬಾಗಿಲು ಧಡ್ ಅಂತ ಹಾಕಿದ. ಆಮೇಲೆ ಹಾಡಿನ ಸದ್ದು ಹೆಚ್ಚಾಯಿತು. ನನ್ನ ಹೆಂಡತಿ ಬೆಳಗಿನವರೆಗೆ ನಿದ್ದೆ ಮಾಡಲಿಲ್ಲ. ಮರುದಿನ ರಾತ್ರಿ ಮತ್ತೆ ಶುರುವಾದಾಗ ಕ್ಯಾಬಿನ್ ಫೋನ್‌ನಿಂದ ಗೆಸ್ಟ್ ಸರ್ವೀಸ್‌ಗೆ ಹೇಳಿದೆ. ಹತ್ತು ನಿಮಿಷದಲ್ಲಿ ಸೆಕ್ಯುರಿಟಿಯವರು ಬಂದರು. ಅವರು ಮೆಲ್ಲಗೆ ಎರಡು ಮಾತು ಆಡಿದ್ದು ಕೇಳಿಸಿತು, ಅಷ್ಟೇ. ಉಳಿದ ನಾಲ್ಕು ರಾತ್ರಿ ಒಂದು ಸದ್ದಿಲ್ಲ. ಫೋನ್ ಮಾಡಿ. ಬಾಗಿಲು ಮಾತ್ರ ತಟ್ಟಬೇಡಿ.

ಊಟಕ್ಕೆ ನಾಲ್ಕು ಜನರ ಸ್ವಂತ ಟೇಬಲ್ ಕೇಳಿ. ಅಪ್ಪನಿಗೆ ಸಂಕೋಚ ಆಗುವುದಿಲ್ಲ.

ಕುರ್ಚಿ ವಿಷಯಕ್ಕೆ ಮಾತ್ರ ಒಂದು ಉತ್ತರ

ಹಲವು ಹಡಗುಗಳಲ್ಲಿ ನಿಯಮ ಇದೆ: ಯಾರೂ ಕೂರದೆ ಬರೀ ಟವೆಲ್ 30 ಅಥವಾ 40 ನಿಮಿಷ ಇದ್ದರೆ ಸಿಬ್ಬಂದಿ ಅದನ್ನು ತೆಗೆಯಬಹುದು. ಆದರೆ ನಾವಾಗಿ ಹೇಳದಿದ್ದರೆ ಎಷ್ಟೋ ಸಲ ಅವರು ತೆಗೆಯುವುದಿಲ್ಲ. ಪೂಲ್ ಹುಡುಗನನ್ನು ಕರೆದು, ಇದು ಇಷ್ಟು ಹೊತ್ತಿನಿಂದ ಖಾಲಿ ಇದೆ ಅಂತ ಸಮಾಧಾನವಾಗಿ ಹೇಳಿ. ನೀವೇ ಕೈ ಹಾಕಬೇಡಿ. ಪೂಲ್ ಟವೆಲ್ ಅವರವರ ಕ್ಯಾಬಿನ್ ಲೆಕ್ಕಕ್ಕೆ ಬರೆದಿರುತ್ತದೆ, ಕಳೆದರೆ ಡಾಲರ್ ಕಟ್ಟಬೇಕು. ಜಗಳ ಶುರುವಾಗುವುದೇ ಅಲ್ಲಿ.

ನಿಜ ಹೇಳಬೇಕು ಅಂದರೆ ವಯಸ್ಸಾದವರಿಗೆ ಪೂಲ್ ಪಕ್ಕ ಬೇಡವೇ ಬೇಡ. ಸ್ಪೀಕರ್ ಸದ್ದು ಅಲ್ಲೇ. ಹಡಗಿನ ಸುತ್ತ ನಡೆಯಲು ಇರುವ ಪ್ರೊಮೆನೇಡ್ ಡೆಕ್ ಹುಡುಕಿ. ನೆರಳಿರುತ್ತದೆ, ಕುರ್ಚಿ ಇರುತ್ತದೆ, ನೀರು ಹತ್ತಿರ ಕಾಣುತ್ತದೆ. ನಮ್ಮ ಅತ್ತೆ ಅಲ್ಲಿ ಕೂತು ಹಾರುಮೀನು ಎಣಿಸುತ್ತಿದ್ದರು. ನೀರಿನಿಂದ ಎದ್ದು, ಬೆಳ್ಳಿ ತಗಡಿನ ಹಾಗೆ ಹೊಳೆದು, ಅಷ್ಟು ದೂರ ಹಾರಿ ಮತ್ತೆ ನೀರಿಗೆ. ದಿನಾ ಬೆಳಗ್ಗೆ ಅದೇ ಕೆಲಸ ಅವರಿಗೆ. ಪೂಲ್‌ಗೆ ಇಳಿಯಲೇಬೇಕು ಅಂದರೆ ಹಡಗು ಬಂದರಿನಲ್ಲಿ ನಿಂತ ದಿನ ಹೋಗಿ. ಎಲ್ಲರೂ ಕೆಳಗೆ ಇಳಿದಿರುತ್ತಾರೆ, ಪೂಲ್ ಹೆಚ್ಚು ಕಮ್ಮಿ ನಿಮ್ಮದೇ.

68 ವರ್ಷದ ಒಬ್ಬ ಅಮ್ಮ

ನೋಡಮ್ಮ, ಸ್ವಂತ ಟೇಬಲ್ ತಗೋ ಅಂತ ಮೇಲೆ ಹೇಳಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ನಿನ್ನ ಅಮ್ಮನ ವಯಸ್ಸಿನವಳು ಅಂತ ಬರೆಯುತ್ತಿದ್ದೇನೆ.

ಹೋದ ವರ್ಷ ಮಗಳು ಅಳಿಯ ನಮ್ಮನ್ನು ಕರೆದುಕೊಂಡು ಹೋಗಿದ್ದರು. ಆರು ಜನರ ಟೇಬಲ್. ಎದುರಿಗೆ ಅಮೆರಿಕದ ಒಹಾಯೊ ಕಡೆಯ ವಯಸ್ಸಾದ ಗಂಡ ಹೆಂಡತಿ. ಮೊದಲ ರಾತ್ರಿ ನಮಸ್ಕಾರ ಬಿಟ್ಟರೆ ಮಾತಿಲ್ಲ. ನಮ್ಮ ಯಜಮಾನರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ತಟ್ಟೆ ನೋಡಿಕೊಂಡು ಊಟ ಮುಗಿಸಿದರು.

ಎರಡನೇ ರಾತ್ರಿ ಆ ಮನುಷ್ಯ ಬ್ರೆಡ್ ಮುರಿಯುತ್ತಿದ್ದಾಗ ಕೈ ಕಾಣಿಸಿತು. ಹೆಬ್ಬೆರಳಿನ ತುದಿ ಇರಲಿಲ್ಲ. ನಮ್ಮವರು ನೋಡಿದ್ದು ಅವರಿಗೆ ಗೊತ್ತಾಯಿತು. ‘ಟ್ರ್ಯಾಕ್ಟರ್’ ಅಂದರು, ಒಂದೇ ಮಾತು. ನಮ್ಮವರು ತಕ್ಷಣ ಪಂಚೆ ಸರಿಸುವವರ ಹಾಗೆ ಪ್ಯಾಂಟ್ ಎತ್ತಿ ಕಾಲಿನ ಗಾಯದ ಗುರುತು ತೋರಿಸಿದರು. ನೇಗಿಲು ತಗುಲಿದ್ದು, 40 ವರ್ಷದ ಹಿಂದಿನದು. ಆಮೇಲೆ ಇಬ್ಬರೂ ಮಳೆ, ಮಣ್ಣು, ಜೋಳ ಅಂತ ಕೈಸನ್ನೆಯಲ್ಲೇ ಒಂದು ಗಂಟೆ ಮಾತಾಡಿದರು. ಮಗಳು ಅನುವಾದ ಮಾಡಲು ಹೋದರೆ ಬೇಡ ಅಂದರು. ಅಷ್ಟು ಖುಷಿಯಾಗಿ ಅವರನ್ನು ನೋಡಿ ಎಷ್ಟೋ ದಿನ ಆಗಿತ್ತು.

ಊಟದ ಚಿಂತೆ ಬೇಡ. ಬುಕ್ ಮಾಡುವಾಗಲೇ ಸಸ್ಯಾಹಾರ ಅಂತ ಬರೆಸು. ಹಡಗು ಹತ್ತಿದ ಮೊದಲ ರಾತ್ರಿ ಹೆಡ್ ವೇಟರ್‌ಗೆ ಇನ್ನೊಮ್ಮೆ ಹೇಳು. ನಮಗೆ ಹಿಂದಿನ ದಿನ ಹೇಳಿದರೆ ಮರುದಿನ ದಾಲ್, ಪಲ್ಯ, ಅನ್ನ ಮಾಡಿಸಿಕೊಡುತ್ತಿದ್ದರು. ಎದುರಿನ ಹೆಂಗಸು ದಾಲ್ ರುಚಿ ನೋಡುತ್ತೇನೆ ಅಂದರು, ಮೂರು ದಿನ ಅವರೂ ಅದನ್ನೇ ತರಿಸಿಕೊಂಡರು.

ಟೇಬಲ್‌ನವರು ಸರಿ ಬರಲಿಲ್ಲ ಅಂದರೆ ಮೊದಲ ರಾತ್ರಿ ಊಟ ಮುಗಿದ ಕೂಡಲೇ ಹೆಡ್ ವೇಟರ್ ಹತ್ತಿರ ಹೋಗಿ ಬದಲಾಯಿಸಿ ಅಂತ ಕೇಳು. ಕಾರಣ ಹೇಳಬೇಕಿಲ್ಲ. ನಾಲ್ಕನೇ ರಾತ್ರಿ ಕೇಳಿದರೆ ಎದುರಿನವರಿಗೆ ನೋವಾಗುತ್ತದೆ. ಬಫೆಯಲ್ಲಿ ಒಬ್ಬರು ನಮ್ಮ ಜೊತೆ ಸುಮ್ನೆ ರಾಜಕೀಯ ತೆಗೆದರು. ಅಳಿಯ ಕಾಫಿ ತರುತ್ತೇನೆ ಅಂತ ಎದ್ದ, ನಾವೂ ಎದ್ದೆವು, ಬೇರೆ ಕಡೆ ಕೂತೆವು. ಮುಗಿಯಿತು.

ಇನ್ನೊಂದು ಹೇಳಲೇಬೇಕು. ಹಡಗಿನಲ್ಲಿ ಜನ ಸಣ್ಣ ಸಣ್ಣ ರಬ್ಬರ್ ಬಾತುಕೋಳಿ ಬಚ್ಚಿಡುತ್ತಾರೆ. ಸಿಕ್ಕವರು ಇಟ್ಟುಕೊಳ್ಳಬಹುದು, ಇಲ್ಲ ಬೇರೆ ಕಡೆ ಬಚ್ಚಿಡಬಹುದು. ಮೆಟ್ಟಿಲ ಕಿಟಕಿ ಸಂದಿಯಲ್ಲಿ ನನಗೊಂದು ಹಳದಿಯದು ಸಿಕ್ಕಿತು. ಯಾರೋ ಪುಟ್ಟ ಹುಡುಗಿ ದೂರದಲ್ಲಿ ನಿಂತು ನೋಡುತ್ತಿದ್ದಳು. ನಾನು ಎತ್ತಿಕೊಂಡಾಗ ಅವಳು ಚಪ್ಪಾಳೆ ತಟ್ಟಿದಳು. ಆ ಬಾತುಕೋಳಿ ಈಗ ನಮ್ಮ ದೇವರ ಮನೆ ಕಿಟಕಿಯಲ್ಲಿದೆ.

ನರ್ಸ್ ಕೆಲಸ ಮಾಡುವ ಒಬ್ಬರು

ಚಿಕ್ಕದಾಗಿ ಹೇಳುತ್ತೇನೆ. ಸಾವಿರಾರು ಜನ ಒಂದೇ ಮೆಟ್ಟಿಲ ಕಂಬಿ, ಒಂದೇ ಬಫೆ ಸೌಟು ಮುಟ್ಟುವ ಜಾಗ ಅದು. ನೊರೊವೈರಸ್ ಬಂದರೆ ವಾಂತಿ, ಭೇದಿ, ವಯಸ್ಸಾದವರಿಗೆ ಬೇಗ ನಿತ್ರಾಣ ಆಗುತ್ತದೆ. ಸ್ಯಾನಿಟೈಸರ್ ಈ ವೈರಸ್‌ಗೆ ಸಾಲದು. ಸೋಪು, ನೀರು, 20 ಸೆಕೆಂಡ್. ಬಫೆಯಲ್ಲಿ ಬಡಿಸಿಕೊಂಡ ಮೇಲೆ, ತಿನ್ನುವ ಮುಂಚೆ ಇನ್ನೊಮ್ಮೆ ಕೈ ತೊಳೆಯಿರಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಈ ಹಡಗುಗಳ ಸ್ವಚ್ಛತೆ ಪರೀಕ್ಷಿಸಿ 100ಕ್ಕೆ ಅಂಕ ಕೊಡುತ್ತದೆ. 85 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಫೇಲ್. ಅಂಕ ಎಲ್ಲರೂ ನೋಡಬಹುದು. ಬುಕ್ ಮಾಡುವ ಮುಂಚೆ ನಿಮ್ಮ ಹಡಗಿನದ್ದು ನೋಡಿ. ಮಾತ್ರೆಗಳನ್ನು ದೊಡ್ಡ ಸೂಟ್‌ಕೇಸ್‌ನಲ್ಲಿ ಇಡಬೇಡಿ. ಅದು ಕ್ಯಾಬಿನ್‌ಗೆ ಬರುವಾಗ ಎಷ್ಟೋ ಸಲ ಸಂಜೆ ಆಗಿರುತ್ತದೆ. ಕೈಚೀಲದಲ್ಲೇ ಇರಲಿ.

ಇದೇ ದಾರಿಯಲ್ಲಿ ಹೋಗಿಬಂದ ಇನ್ನೊಬ್ಬರು

ಗ್ರ್ಯಾಂಡ್ ಕೇಮನ್ ಬಗ್ಗೆ ಯಾರೂ ಹೇಳಿಲ್ಲ, ಅಮ್ಮನಿಗೆ ಅದೇ ಮುಖ್ಯ. ಅಲ್ಲಿ ಕ್ರೂಸ್ ಹಡಗು ದಡಕ್ಕೆ ಬಂದು ನಿಲ್ಲುವುದಿಲ್ಲ. ದೂರದಲ್ಲಿ ಲಂಗರು ಹಾಕಿ, ಟೆಂಡರ್ ಅನ್ನುವ ಸಣ್ಣ ದೋಣಿಯಲ್ಲಿ ಅಲ್ಲಿನ ಜಾರ್ಜ್ ಟೌನ್ ಊರಿಗೆ ಕರೆದೊಯ್ಯುತ್ತಾರೆ. ಬೆಳಗ್ಗೆ ಮೊದಲ ದೋಣಿಗೆ ವಿಪರೀತ ನೂಕಾಟ. ನಮ್ಮ ಹಿಂದೆ ನಿಂತಿದ್ದವರು ವಾಕರ್ ಹಿಡಿದ ಅಜ್ಜಿಯನ್ನೇ ಪಕ್ಕಕ್ಕೆ ಸರಿಸಿ ಮುಂದೆ ಹೋದರು. ನನಗೆ ಇವತ್ತಿಗೂ ಅದು ನೆನಪಾದರೆ ಸಿಟ್ಟು ಬರುತ್ತದೆ. ನೀವು ಒಂದೂವರೆ ಗಂಟೆ ತಡವಾಗಿ ಇಳಿಯಿರಿ. ಅಷ್ಟೊತ್ತಿಗೆ ಸಾಲು ಕರಗಿರುತ್ತದೆ. ದೋಣಿ ಏರಿ ಇಳಿಯುತ್ತಿರುತ್ತದೆ, ಹಡಗಿನಿಂದ ಅದಕ್ಕೆ ಕಾಲಿಡುವಾಗ ಸಿಬ್ಬಂದಿ ಎರಡೂ ಕಡೆ ತೋಳು ಹಿಡಿಯುತ್ತಾರೆ, ಅಮ್ಮ ಹೆದರಬೇಕಿಲ್ಲ.

ಗಾಳಿ ಜೋರಿದ್ದರೆ ಕ್ಯಾಪ್ಟನ್ ಆ ಊರನ್ನೇ ಬಿಟ್ಟು ಮುಂದೆ ಹೋಗಬಹುದು. ನಮಗೆ ಹಾಗೇ ಆಯಿತು. ಜನ ಗೆಸ್ಟ್ ಸರ್ವೀಸ್ ಮುಂದೆ ನಿಂತು ಆ ಹುಡುಗಿ ಮೇಲೆ ಕೂಗಿದರು. ಗಾಳಿ ಬೀಸಿದ್ದಕ್ಕೆ ಅವಳೇನು ಮಾಡಬೇಕು? ಇವರೆಲ್ಲ ಎಷ್ಟೋ ತಿಂಗಳು ಮನೆ ಬಿಟ್ಟು ದುಡಿಯುವವರು. ನಮ್ಮ ದೇಶದವರೂ ಬೇಕಾದಷ್ಟು ಜನ ಇರುತ್ತಾರೆ. ಟಿಪ್ಸ್ ದಿನಕ್ಕೆ ತಲೆಗೆ ಸುಮಾರು 16ರಿಂದ 20 ಡಾಲರ್ ಬಿಲ್‌ಗೇ ಸೇರುತ್ತದೆ. ಉಳಿಸಲು ಅದನ್ನು ತೆಗೆಸುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಚೆನ್ನಾಗಿ ನೋಡಿಕೊಂಡವರ ಹೆಸರು ಬರೆದಿಟ್ಟುಕೊಂಡು ಕೊನೆಯ ಅಭಿಪ್ರಾಯ ಪತ್ರದಲ್ಲಿ ಬರೆಯಿರಿ. ಅವರ ಮುಂದಿನ ಕೆಲಸಕ್ಕೆ ಅದು ಬೆಲೆಯಿರುವ ಮಾತು.

ಗಡಿಯಾರದ ಬಗ್ಗೆ: ಡಿಸೆಂಬರ್‌ನಲ್ಲಿ ನಿಮ್ಮ ಮೂರೂ ಊರು ಮಯಾಮಿ ಸಮಯದಲ್ಲೇ ಇರುತ್ತವೆ. ಬೇಸಿಗೆಯಲ್ಲಾದರೆ ಅವು ಒಂದು ಗಂಟೆ ಹಿಂದೆ, ಆಗ ಹಡಗು ತಪ್ಪಿಸಿಕೊಂಡವರು ಬಂದರಿನಲ್ಲಿ ಓಡುವುದನ್ನು ನೋಡಬೇಕಾಗುತ್ತದೆ. ಯಾವುದಕ್ಕೂ ಹಡಗಿನ ಗಡಿಯಾರವನ್ನೇ ನಂಬಿ. ಹಡಗಿನವರೇ ನಡೆಸುವ ಟೂರ್‌ನಲ್ಲಿ ತಡವಾದರೆ ಹಡಗು ಕಾಯುತ್ತದೆ, ಹೊರಗಿನ ಟ್ಯಾಕ್ಸಿಯಲ್ಲಿ ಹೋದರೆ ಕಾಯುವುದಿಲ್ಲ.

ಅಪ್ಪ ಅಮ್ಮನ ಅಮೆರಿಕ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಇದೆಯಾ ಅಂತ ಈಗಲೇ ನೋಡಿಬಿಡಿ. ಹಡಗು ಹೊರದೇಶಕ್ಕೆ ಹೋಗಿ ಮಯಾಮಿಗೆ ವಾಪಸ್ ಬರುವಾಗ ಮತ್ತೆ ಪ್ರವೇಶ ಬೇಕು. ಒಂದೊಂದು ದ್ವೀಪಕ್ಕೆ ಏನು ಕಾಗದ ಬೇಕು ಅನ್ನುವುದನ್ನು ಹಣ ಕಟ್ಟುವ ಮುಂಚೆಯೇ ಕಂಪನಿಯಿಂದ ಬರೆಸಿಕೊಳ್ಳಿ.

ಪ್ರಶ್ನೆ ಕೇಳಿದವರು ಮತ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ವೀಸಾ ನೋಡಿದೆ, ಹಲವು ಸಲದ ಪ್ರವೇಶ ಇದೆ. ಡಿಸೆಂಬರ್ ಮೊದಲ ವಾರ, ನಡುವೆ ಬಾಗಿಲಿರುವ ಎರಡು ಕ್ಯಾಬಿನ್, 7ನೇ ಡೆಕ್‌ನಲ್ಲಿ ಹಿಡಿಸಿದ್ದೇನೆ. ಮೇಲೂ ಕೆಳಗೂ ಕ್ಯಾಬಿನ್‌ಗಳೇ. ಊಟದ ಟೇಬಲ್ ಬಗ್ಗೆ ಅಪ್ಪನನ್ನೇ ಕೇಳಿದೆ. ಒಹಾಯೊ ರೈತರ ವಿಷಯ ಓದಿ ಹೇಳಿದ ಮೇಲೆ, ಆರು ಜನರ ಟೇಬಲ್ಲೇ ಇರಲಿ ಅಂದರು. ಅಮ್ಮ ಫೋನ್ ಇಡುವ ಮುಂಚೆ ಕೇಳಿದ್ದು ಒಂದೇ: ಆ ಬಾತುಕೋಳಿ ಎಲ್ಲಿ ಸಿಗುತ್ತದೆ, ಹನ್ನೆರಡು ತಂದಿಡು.