ಗುಳೇದಗುಡ್ಡದ ಖಣವನ್ನು ಅಥಣಿಯ ಚಪ್ಪಲಿಗೆ ಕೂಡಿಸಬಹುದೇ?

ಪ್ರಶ್ನೆ: ಖಣದ ಮಗ್ಗ, ಗುಳೇದಗುಡ್ಡ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಕೈಮಗ್ಗದ ಮೇಲೆ ಖಣ, ಅಂದರೆ ಕುಬುಸದ ಬಟ್ಟೆ, ನೇಯುತ್ತೇವೆ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಮಾಯಾ ಜನಾಂಗದ ಹೆಂಗಸರು ನೇಯ್ದ ಬಣ್ಣದ ಬಟ್ಟೆಯನ್ನು, ಹೂಬಳ್ಳಿ ಕೆತ್ತಿದ ತೊಗಲಿನೊಂದಿಗೆ ಸೇರಿಸಿ ಹೊಲಿದ ಬೂಟುಗಳ ಚಿತ್ರ ನೋಡಿದಾಗಿನಿಂದ, ನಮ್ಮ ಖಣವನ್ನೂ ಅಥಣಿಯ ಚಪ್ಪಲಿಗೆ ಹಾಗೆಯೇ ಕೂಡಿಸಬಾರದೇಕೆ ಎನ್ನಿಸುತ್ತಿದೆ. ಬಟ್ಟೆ ಬಾಳಿಕೆ ಬರುತ್ತದೆಯೇ, ಅದನ್ನು ಎಲ್ಲಿ ಕೂಡಿಸಬೇಕು ಎಂಬುದನ್ನು ಕಸುಬು ಬಲ್ಲವರು ದಯವಿಟ್ಟು ತಿಳಿಸಿರಿ.

ಉತ್ತರ 1: ಚಪ್ಪಲಿ ಕಸುಬಿನವನು, ಅಥಣಿ
ಆ ಬೂಟುಗಳನ್ನು ಇನ್ನೊಮ್ಮೆ ಗಮನಿಸಿರಿ. ಬಟ್ಟೆ ಇರುವುದು ಕಣಕಾಲಿನ ಮೇಲಿನ ಭಾಗದಲ್ಲಿ. ಹೆಜ್ಜೆ ಊರುವ, ಮಡಚುವ, ಎಳೆತ ಬೀಳುವ ಕಡೆ ತೊಗಲೇ ಇರುತ್ತದೆ. ನಮ್ಮ ಚಪ್ಪಲಿಗೆ ಅಂಥ ಬಿಡುವಿನ ಜಾಗವೇ ಇಲ್ಲ. ಹೆಬ್ಬೆರಳು ತೂರಿಸುವ ಉಂಗುಟ, ಮೇಲ್ಪಟ್ಟಿ, ಅದನ್ನು ಅಟ್ಟೆಗೆ ಕೂಡಿಸುವ ಎರಡೂ ಬದಿಯ ಕಿವಿ ಎಲ್ಲವೂ ಭಾರ ಹೊರುತ್ತವೆ. ಆದ್ದರಿಂದ ಪಟ್ಟಿಯನ್ನು ತೊಗಲಿನಲ್ಲಿಯೇ ಮಾಡಿ, ಅದರ ನಡುವೆ ಬೆರಳಗಲದ ಖಣವನ್ನು ಕೂರಿಸಿ, ಅಂಚನ್ನು ಒಳಗೆ ಮಡಚಿ, ತೆಳುವಾದ ಆಡಿನ ತೊಗಲಿನ ಗೋಟಿನಿಂದ ಬಿಗಿಯಬೇಕು. ಕತ್ತರಿಸಿದ ಅಂಚು ಹೊರಗೆ ಉಳಿದರೆ ಎಳೆ ಬಿಚ್ಚಿಕೊಳ್ಳುವುದು ಖಂಡಿತ. ಇನ್ನೊಂದು ತೊಂದರೆಯನ್ನು ಹೊರಗಿನವರು ಊಹಿಸುವುದಿಲ್ಲ: ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ತೊಗಲು ನೆನೆದರೆ ಅದರ ಕಂದು ಬಣ್ಣ ಬಟ್ಟೆಗೆ ಇಳಿಯುತ್ತದೆ, ಅಲ್ಲಿ ಕಬ್ಬಿಣದ ಮೊಳೆಯೋ ಬಕಲೋ ಇದ್ದರೆ ಕಪ್ಪು ಕಲೆಯೇ ಬೀಳುತ್ತದೆ. ಬಿಳಿ, ತಿಳಿ ಹಳದಿ ಬೇಡ. ಕಡುಗೆಂಪು, ಕಪ್ಪು ತಡೆಯುತ್ತವೆ. ಕೆತ್ತನೆಗೆ ಮಾತ್ರ ಇದೇ ಹದದ ತೊಗಲು ಬೇಕು, ಏಕೆಂದರೆ ತೇವ ಮಾಡಿ ಒತ್ತಿದ ಗುರುತು ಕ್ರೋಮ್ ರಾಸಾಯನಿಕದಿಂದ ಹದ ಮಾಡಿದ ತೊಗಲಿನಲ್ಲಿ ಸರಿಯಾಗಿ ನಿಲ್ಲುವುದಿಲ್ಲ.

ಉತ್ತರ 2: ಜವಳಿ ಕಲಿಸುವವಳು, ವಿಜಯಪುರ
ಮಾಯಾ ಹೆಂಗಸರ ಮಗ್ಗದಲ್ಲಿ ಹಾಸಿನ, ಅಂದರೆ ಉದ್ದ ಎಳೆಗಳ, ಒಂದು ತುದಿಯನ್ನು ಮರಕ್ಕೋ ಕಂಬಕ್ಕೋ ಕಟ್ಟಿ, ಇನ್ನೊಂದನ್ನು ಸೊಂಟದ ಪಟ್ಟಿಗೆ ಬಿಗಿದು, ಮೈಯನ್ನೇ ಹಿಂದೆ ಮುಂದೆ ವಾಲಿಸಿ ಎಳೆತ ಕೊಡುತ್ತಾರೆ. ಹೀಗಾಗಿ ಬಟ್ಟೆಯ ಅಗಲ ಕೈ ಎಟಕುವಷ್ಟೇ. ಬೂಟಿಗೆಂದು ಅನೇಕ ಕಡೆ ಕತ್ತರಿಸುವುದು ಅವರು ಉಟ್ಟು ಬಿಟ್ಟ ಹಳೆಯ ಹುಯಿಪಿಲ್ ಎಂಬ ಕುಪ್ಪಸಗಳನ್ನು. ತಮ್ಮ ವಿನ್ಯಾಸಗಳನ್ನು ಹೇಳದೆ ಕೇಳದೆ ಬಳಸಲಾಗುತ್ತಿದೆ ಎಂದು ಅಲ್ಲಿಯ ನೇಕಾರ ಹೆಂಗಸರು 2016ರಲ್ಲಿ ಗ್ವಾಟೆಮಾಲಾದ ಸಂವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ನೀವು ಹಳೆಯ ಕುಬುಸ ಕತ್ತರಿಸಬೇಕಿಲ್ಲ. ಚಪ್ಪಲಿಗೆ ಬೇಕಾದ ಅಳತೆಗೆ, ಒತ್ತಾಗಿ ಹೊಡೆದು, ಬಟ್ಟೆಯ ಮೇಲೆ ಸಡಿಲವಾಗಿ ಉಳಿಯುವ ಉದ್ದನೆಯ ತೇಲು ಎಳೆ ಬಾರದ ಸಣ್ಣ ಬುಟ್ಟಾ ಹಾಕಿ ಹೊಸದಾಗಿಯೇ ನೇಯಿರಿ.

ಉತ್ತರ 3: ಅಂಗಡಿಕಾರ, ಬೆಳಗಾವಿ
ಕಸುಬಿನ ಮಾತು ಸರಿ, ಆದರೆ ಗಿರಾಕಿಯ ಮನಸ್ಸನ್ನೂ ನೋಡಬೇಕು. ಖಣ ನಮ್ಮಲ್ಲಿ ಉಡಿ ತುಂಬುವ ಬಟ್ಟೆ. ಎಲ್ಲಮ್ಮನಿಗೆ ಏರಿಸುವುದನ್ನು ಕಾಲಿಗೆ ಹಾಕಿಕೊಳ್ಳಿರೆಂದರೆ ನನ್ನ ತಾಯಿಯವರೇ ಅಂಗಡಿಯಿಂದ ಎದ್ದು ಹೋದಾರು. ತೇರಿನ ವಿನ್ಯಾಸವನ್ನಂತೂ ಬಳಸಲೇಬೇಡಿರಿ. ಇಳಕಲ್ ಸೀರೆಯ ಚೌಕಡಿ ಒಡಲಿನಂಥ ಬಟ್ಟೆಯಾದರೆ ಯಾರೂ ತಕರಾರು ಮಾಡಲಿಕ್ಕಿಲ್ಲ. ಅಥಣಿಯಲ್ಲಿಯೂ ಮಾಡುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದಲ್ಲಿ (ಊರಿನ ಹೆಸರನ್ನು ಕಾಯುವ ಸರಕಾರಿ ನೋಂದಣಿ) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳೂ ಇವೆ. ಬಟ್ಟೆ ಸೇರಿಸಿದ ಜೋಡನ್ನು ಅದೇ ಹೆಸರಿನಿಂದ ಮಾರುವ ಮೊದಲು ಕರ್ನಾಟಕ ಸರಕಾರದ ಚರ್ಮ ಕೈಗಾರಿಕಾ ನಿಗಮವಾದ ಲಿಡ್ಕರ್ ಕಚೇರಿಯಲ್ಲಿ ವಿಚಾರಿಸಿರಿ.

ಖಣದ ಮಗ್ಗ, ಗುಳೇದಗುಡ್ಡ
ಉಡಿಯ ವಿಚಾರ ನಮ್ಮ ಮನೆಯಲ್ಲಿಯೂ ಎದ್ದಿದೆ, ಚೌಕಡಿಯನ್ನೇ ನೇಯುತ್ತೇನೆ. ಅಥಣಿಯವರೇ, ಪಟ್ಟಿಯ ಅಳತೆಯನ್ನು ಕಾಗದದಲ್ಲಿ ಕತ್ತರಿಸಿ ಕಳಿಸುವಿರಾ?

ಚಪ್ಪಲಿ ಕಸುಬಿನವನು, ಅಥಣಿ
ಕಳಿಸುತ್ತೇನೆ. ಮಡಚಲು ಎರಡೂ ಬದಿಗೆ ಅರ್ಧ ಬೆರಳಿನಷ್ಟು ಹೆಚ್ಚು ನೇಯಿರಿ.